ಹಿಂಡಿದ ಹನಿ

ರುಕ್ಮಿಣಕ್ಕ, ಅವತ್ತು ನಿಮ್ಮ ಕಡೆ ಬೆರಳು ತೋರಿಸಿದವನು ನಾನು. ಗುಂಪಿನವರು ತಪ್ಪು ತಿಳಿದು ನಿಮ್ಮ ಮೇಲೆ ಬಿದ್ದರು ಎಂದೇ ಇಷ್ಟು ವರ್ಷ ನಂಬಿದ್ದೀರಿ — ಅಲ್ಲ. ನಾನು ತೋರಿಸಿದೆ, ಅವರು ಹೊಡೆದರು.

ತಿಪಟೂರಿನ ನಮ್ಮ ನರ್ಸಿಂಗ್ ಹೋಮಿಗೆ ಆ ಅಂಗೈಯಗಲದ ಯಂತ್ರ ಆಗಷ್ಟೇ ಬಂದಿತ್ತು. ಬೆರಳ ತುದಿಯ ಒಂದು ಹನಿ ರಕ್ತ ಬಿಟ್ಟರೆ, ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನನ್ನು ಟೀ ಕುಡಿಯುವಷ್ಟರಲ್ಲಿ ಹಿಡಿದು ತೋರಿಸುತ್ತಿತ್ತು. ನಾನು ಲ್ಯಾಬಿನವನು — ಮೆರೆದೆ. ನರ್ಸಾದ ನಿಮಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಮಹಾದೇವಣ್ಣ ಎದೆ ಹಿಡಿದುಕೊಂಡು ಒಬ್ಬನೇ ಬಂದ. ಕಾಯಿ ಸುಲಿಯುವವನ ಬೆರಳು, ಚರ್ಮ ಒಣಗಿದ ತೊಗಲಾಗಿತ್ತು. "ಸೂಜಿ ಮುರ್ದೋದೀತು, ನೋಡ್ಕಳಪ್ಪ" ಎಂದು ಆ ನೋವಿನಲ್ಲೂ ನಕ್ಕ. ಚುಚ್ಚಿದರೂ ರಕ್ತ ಬರಲಿಲ್ಲ. "ತೋಳಲ್ಲಿ ತಗಿಯಪ್ಪ" ಅಂದಿರಿ ನೀವು. ಆದರೆ ಒಂದೇ ಹನಿ ಸಾಕು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು... ಹಿಂಡಿದೆ. ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಂಡಿದೆ. ಹಾಗೆ ಮಾಡಿದರೆ ಮಾಂಸದೊಳಗಿನ ನೀರು ಬೆರೆತು ರಕ್ತ ತೆಳುವಾಗುತ್ತದೆ, ಫಲಿತಾಂಶ ತಪ್ಪುತ್ತದೆ — ಹೇಳಿಕೊಟ್ಟಿದ್ದರು, ನನಗೆ ಗೊತ್ತಿತ್ತು. ಯಂತ್ರ ಏನೂ ಇಲ್ಲ ಎಂದಿತು. ಹಿಂಡಿದ ವಿಷಯ ನಾನು ಬಾಯಿ ಬಿಡಲಿಲ್ಲ. ಇಸಿಜಿಯಲ್ಲೂ ಸ್ಪಷ್ಟವಾಗಿ ಏನೂ ಕಾಣದ್ದರಿಂದ ಡಾಕ್ಟರು ನನ್ನ ರಿಪೋರ್ಟನ್ನೇ ನಂಬಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು.

ಸಂಜೆ ಅವನ ಹೆಣ ಟೆಂಪೋದಲ್ಲಿ ಬಂತು. ಕಾಯಿ ಸುಲಿಯಲು ನೆಲಕ್ಕೆ ನೆಟ್ಟಿದ್ದ ಕಬ್ಬಿಣದ ಮೊನೆಯ ಮೇಲೆಯೇ ಕುಸಿದಿದ್ದ, ಕೆನ್ನೆ ಸೀಳಿ ಹಲ್ಲು ಕಾಣುತ್ತಿತ್ತು. ಜೊತೆಗೆ ಮಚ್ಚು ಹಿಡಿದ ಅವನ ಭಾವಮೈದುನ, ಹಿಂದೆ ಜನ. ಗಾಜು ಪುಡಿಯಾಯಿತು. ಡಾಕ್ಟರು ಒಳಗಿಂದ ಚಿಲಕ ಹಾಕಿಕೊಂಡರು. ಭಾವಮೈದುನ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ.

"ರಕ್ತ ತಗ್ದೋರ್ ಯಾರ್ಲಾ? ಬೊಗ್ಳು."

ನೀವು ಅತ್ತ ತಿರುಗಿ ಒಬ್ಬ ಮುದುಕಿಯನ್ನು ಮಂಚದ ಕೆಳಗೆ ಅಡಗಿಸುತ್ತಿದ್ದಿರಿ. ನನ್ನ ಕೈ ಎದ್ದಿತು.

ಮಚ್ಚಿನ ಹಿಂಬದಿಯಿಂದ ಹೊಡೆದ. ನಿಮ್ಮ ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದ ಮೇಲೂ ತುಳಿದರು, ಹೊಟ್ಟೆಗೆ, ಮುಖಕ್ಕೆ... ನಾನು ಹಿಂದಿನ ಬಾಗಿಲಿನಿಂದ ಓಡಿದೆ.

ಆಮೇಲೆ ನಿಮ್ಮನ್ನು ಸೇರಿಸಿದ್ದ ಆಸ್ಪತ್ರೆಗೆ ಬಂದಾಗ ಊದಿದ ತುಟಿಯಲ್ಲೇ ಅಂದಿರಿ: "ನೀನಾದ್ರೂ ತಪ್ಪುಸ್ಕಂಡ್ಯಲ್ಲ, ಅಷ್ಟೇ ಸಾಕು ಬುಡಪ್ಪ." ಆಗಲೇ ಹೇಳಬೇಕಿತ್ತು. ಕಿತ್ತಳೆ ಸುಲಿದು ನಿಮ್ಮ ಬಾಯಿಗಿಟ್ಟು ಎದ್ದು ಬಂದೆ. ನಾನೆಂಥ ಹೇಡಿ ಎಂದು ಗೊತ್ತಾಗಿದ್ದು ಆ ಮಂಚದ ಪಕ್ಕದಲ್ಲಿ.

ನಿಮ್ಮ ಆ ಕೈ ಮತ್ತೆ ಸೂಜಿ ಹಿಡಿಯಲಿಲ್ಲ. ನಾನು ಇವತ್ತಿಗೂ ರಕ್ತ ತೆಗೆಯುತ್ತಿದ್ದೇನೆ.

ಕ್ಷಮಿಸಿ ಎನ್ನುವ ಯೋಗ್ಯತೆ ನನಗಿಲ್ಲ. ನಾಳೆ ದಂಡಿನಶಿವರಕ್ಕೆ, ಮಹಾದೇವಣ್ಣನ ಹೆಂಡತಿಯ ಮನೆಗೆ ಹೋಗುತ್ತೇನೆ. ಅವಳ ತಮ್ಮನೂ ಅಲ್ಲೇ ಇರುತ್ತಾನೆ, ಮಚ್ಚೂ ಇರುತ್ತದೆ. ಅವತ್ತು ಅವನು ಕೇಳಿದ್ದಕ್ಕೆ ಈ ಸಲ ಸರಿಯಾದ ಉತ್ತರ ಕೊಡುತ್ತೇನೆ.