ಟಪಾಲಕ್ಕನ ನೀರಿನ ಬಾಟಲಿ

ಟಪಾಲಕ್ಕನ ತುಟಿ ವರ್ಷದ ಹನ್ನೆರಡೂ ತಿಂಗಳು ಒಡೆದಿರುತ್ತಿತ್ತು. ಬಾಟಲಿಯಿಂದ ಸೆರಗಿನ ತುದಿಗೆ ನಾಲ್ಕು ಹನಿ ಸುರಿದು ತುಟಿಗೆ ಒತ್ತಿಕೊಳ್ಳುತ್ತಿದ್ದರು, ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಹುಮನಾಬಾದಿನ ಮನೆಯಿಂದ ತಂದ ನೀರು ಸಂಜೆಯ ಬಸ್ಸಿನಲ್ಲಿ ಹಾಗೇ ವಾಪಸ್ಸು ಹೋಗುತ್ತಿತ್ತು.

ನಮ್ಮದು ಬಸವಕಲ್ಯಾಣದ ಕಡೆಯ ಒಂದು ಪಂಚಾಯಿತಿ ಕಚೇರಿ. ಬಂದ ಅರ್ಜಿಗಳಿಗೆಲ್ಲ ಮುದ್ರೆ ಒತ್ತಿ ದಾಖಲಿಸುವುದು ಅವರ ಕೆಲಸ, ಅದಕ್ಕೇ ಎಲ್ಲರಿಗೂ ಟಪಾಲಕ್ಕ. ಹುಮನಾಬಾದಿನಿಂದ ಮೂರೇ ತಿಂಗಳ ಎರವಲು ಸೇವೆಗೆಂದು ಕಳಿಸಿದ್ದರು. ಮೂರು ತಿಂಗಳು ಮುಗಿಯುವಷ್ಟರಲ್ಲಿ ಇನ್ನೊಂದು ಮೂರು ತಿಂಗಳ ಆದೇಶ ಬರುತ್ತಿತ್ತು. ಹೀಗೇ ಒಂಬತ್ತು ವರ್ಷ. ನಾನೂ ಅಂಥದೇ ಆದೇಶ ಹಿಡಿದು ಅಲ್ಲಿಗೆ ಹೋಗಿ ಬಿದ್ದಾಗ ಅಕ್ಕ ನಕ್ಕರು. “ಬಾ ತಂಗಿ. ಇದು ಇಲಿಬೋನು. ಬರಾಕ ಬಾಗಲಾ ಅದ, ಹೋಗಾಕ ಇಲ್ಲ.”

ಹೆಂಗಸರಿಗೆ ಶೌಚಾಲಯ ಇತ್ತು, ಲೆಕ್ಕಕ್ಕೆ. ಒಳಗೆ ಹಳೆಯ ಕಡತಗಳನ್ನು ತುಂಬಿ ಬೀಗ ಹಾಕಿದ್ದರು. ಅದನ್ನು ತೆರವು ಮಾಡಿಸಿ ಎಂದು ಅಕ್ಕ ಅರ್ಜಿ ಬರೆದು, ತಾವೇ ಮುದ್ರೆ ಒತ್ತಿ, ಸಾಹೇಬರ ಕೋಣೆಗೆ ಕಳಿಸಿದರು. ವಾರ ಕಳೆದ ಮೇಲೆ ಅದು ‘ಸೂಕ್ತ ಕ್ರಮಕ್ಕಾಗಿ ಟಪಾಲು ವಿಭಾಗಕ್ಕೆ’ ಎಂಬ ಷರಾ ಹೊತ್ತು ಅವರ ಮೇಜಿಗೇ ಬಂತು.

“ನೋಡವಾ, ನಾನೇ ಕ್ರಮ ತಗೋಬೇಕಂತ. ತಗೊಳ್ಳಾಕತ್ತೇನಿ. ನೀರು ಕುಡಿಯೋದು ಬಿಟ್ಟೀನಿ.”

ನನಗೆ ನಗು ಬರಲಿಲ್ಲ, ಮೈ ಉರಿಯಿತು. ಆದರೆ ಮರುದಿನದಿಂದ ನಾನೂ ಬಾಟಲಿ ಮುಟ್ಟಲಿಲ್ಲ.

ಮುಂದೆ ನಾನು ಬಸುರಿಯಾದೆ. ಅಷ್ಟರಲ್ಲಿ ಅಕ್ಕ ಮೂತ್ರದ ಸೋಂಕಿನಿಂದ ಎರಡು ಸಲ ಆಸ್ಪತ್ರೆ ಕಂಡಿದ್ದರು. ಹೀಗೇ ಇದ್ದರೆ ಕಿಡ್ನಿ ಹೋಗುತ್ತದೆ ಎಂದು ವೈದ್ಯರು ಬೈದಿದ್ದರು. ಇಬ್ಬರೂ ಒಟ್ಟಿಗೇ ಹೋಗಿ ಬಿಡುಗಡೆ ಕೇಳಿದೆವು. ಸಾಹೇಬರು ತಲೆ ಎತ್ತಲಿಲ್ಲ.

“ಒಬ್ಬರನ್ನ ಬಿಡ್ತೀನ್ರಿ. ಯಾರು ಅಂತ ನೀವೇ ಮಾತಾಡ್ಕೊಂಡು ಬರದು ಕೊಡ್ರಿ.”

ನಮ್ಮ ಕುತ್ತಿಗೆಗೇ ನ್ಯಾಯ ಕಟ್ಟಿ ಕೈ ತೊಳೆದುಕೊಂಡರು, ಪುಣ್ಯಾತ್ಮ! ಹೊರಗೆ ಬಂದು ಅಕ್ಕನ ಮೇಜಿನ ಮುಂದೆ ನಿಂತೆ. ‘ನೀವೇ ಹೋಗ್ರಿ’ ಅನ್ನಬೇಕಿತ್ತು. ಅನ್ನಲಿಲ್ಲ. ಅಕ್ಕ ಆಗಲೇ ಹಾಳೆಯ ಮೇಲೆ ನನ್ನ ಹೆಸರು ಬರೆಯುತ್ತಿದ್ದರು.

“ಅಕ್ಕಾ, ನಿಮ್ಮ ತಬಿಯತ್ತು...”

“ನನಗ ರೂಢಿ ಅದ. ನೀ ಬಸುರಾಕಿ, ನೀರು ಕುಡೀಲಾರದ ಹ್ಯಾಂಗ ಇರ್ತಿ? ಸುಮ್ನ ಹೋಗು.”

ಆ ಹಾಳೆಗೂ ಮರೆಯದೆ ಮುದ್ರೆ ಒತ್ತಿದರು.

ಮರುವರ್ಷ ಅವರ ಕಿಡ್ನಿ ಕೈಕೊಟ್ಟಿತು. ಮಗಳನ್ನು ಎತ್ತಿಕೊಂಡು ಹುಮನಾಬಾದಿನ ಆಸ್ಪತ್ರೆಗೆ ನೋಡಲು ಹೋದೆ. ಈಗ ನೀರು ಕುಡಿಯಬಾರದೆಂದು ವೈದ್ಯರೇ ಕಟ್ಟು ಹಾಕಿದ್ದರು, ದಿನಕ್ಕೆ ಎರಡು ಲೋಟ ಅಷ್ಟೇ. ಮಗಳು ಬಾಯಾರಿ ಅತ್ತಳು. ನಾನು ಅಕ್ಕನ ಎದುರಿಗೆ ಬಾಟಲಿ ತೆಗೆಯಲು ಹಿಂಜರಿದೆ.

“ಕುಡಸು, ಕೂಸಿಗಿ ಹೊಟ್ಟಿತುಂಬ ಕುಡಸು,” ಎಂದರು. ಅವಳು ಕುಡಿದು ಮುಗಿಸುವವರೆಗೂ ಕಣ್ಣು ಕದಲಿಸದೆ ನೋಡಿದರು.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಆಗಲೂ ಅವರ ಮೂರು ತಿಂಗಳು ಮುಗಿದಿರಲಿಲ್ಲ.

ನಾನೀಗ ಹುಮನಾಬಾದಿನ ಕಚೇರಿಯಲ್ಲಿದ್ದೇನೆ. ಬಾಯಾರಿದಾಗ ನೀರು ಕುಡಿಯುತ್ತೇನೆ. ಅಂದು ಅನ್ನದೆ ಉಳಿದ ಆ ಎರಡು ಮಾತು ಮಾತ್ರ ಎಷ್ಟು ಕುಡಿದರೂ ಗಂಟಲಿನಿಂದ ಇಳಿಯುವುದಿಲ್ಲ.