ಹಿಂದೆ ನೋಡದ ಡ್ರೈವರ್ ಯೋಗೀಶಣ್ಣ

ಕಡಿಯಾಳಿಯ ಯೋಗೀಶಣ್ಣ ಉಡುಪಿ–ಕಾರ್ಕಳ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವರು. ಅಷ್ಟೂ ವರ್ಷ ಬಸ್ಸಿನ ಮೈಗೆ ಒಂದು ಗೀರೂ ಬೀಳಲಿಲ್ಲ ಎನ್ನುವುದನ್ನು ಅವರು ಮದುವೆಯಲ್ಲಿ ಹೇಳುತ್ತಾರೆ, ಸತ್ತವರ ಬೊಜ್ಜದೂಟದಲ್ಲೂ ಹೇಳುತ್ತಾರೆ. ಯಾರಾದರೂ ಕಾರು ಪಾರ್ಕ್ ಮಾಡುವುದು ಕಂಡರೆ ಕೈಕಟ್ಟಿ ನಿಂತು ನಿಧಾನವಾಗಿ ತಲೆ ಅಲ್ಲಾಡಿಸುತ್ತಾರೆ. ಆಮೇಲೆ ಆ ಕಾರಿನವನಿಗೆ ಗೇರೇ ಸಿಗುವುದಿಲ್ಲ.

ಕಾಪುವಿನ ಕಾನ್ಸೆಪ್ಟಾ ಬಾಯಮ್ಮನವರು ಕಡಲ ಬದಿಯ ತಮ್ಮ ತೆಂಗಿನ ಹಿತ್ತಿಲಲ್ಲಿ ಪ್ರವಾಸಿಗಳನ್ನು ಉಳಿಸಿಕೊಳ್ಳಬೇಕೆಂದು ಕಾರ್ಕಳದ ಜೋವಿನ್‌ನ ವರ್ಕ್‌ಶಾಪಿನಲ್ಲಿ ಒಂದು ಕ್ಯಾಂಪಿಂಗ್ ಟ್ರೈಲರ್ ಕಟ್ಟಿಸಿದರು. ಎರಡು ಚಕ್ರದ ಮೇಲೆ ಒಂದು ಕೋಣೆ, ಒಳಗೆ ಮಂಚ, ಗ್ಯಾಸ್ ಒಲೆ. ಮಣಿಪಾಲದಿಂದ ಮೊದಲ ಅತಿಥಿಗಳು ಶನಿವಾರ ಸಂಜೆ ಐದಕ್ಕೆ ಬರುವವರಿದ್ದರು. ಅದೇ ದಿನ ಮಧ್ಯಾಹ್ನ ಟ್ರೈಲರನ್ನು ಜೀಪಿಗೆ ಕಟ್ಟಿ ಎಳೆದು ತರುವ ಕೆಲಸ ಯೋಗೀಶಣ್ಣನಿಗೆ ಬಂತು. ಬಾಯಮ್ಮನವರ ನೆರೆಯವನಾದ ನಾನು ಪಕ್ಕದ ಸೀಟಿನಲ್ಲಿ ಕೂತೆ.

ಹೊರಡುವ ಮೊದಲು ಜೋವಿನ್ ಹೇಳಿದ: "ಅಣ್ಣಾ, ಕೊಂಡಿ ಸರಿ ಕೂತಿದೆಯಾ ಅಂತ ಒಮ್ಮೆ ಎತ್ತಿ ನೋಡಿ. ಸರಪಳಿ ಎರಡೂ ಅಡ್ಡಡ್ಡ ಹಾಕಬೇಕು. ತಿರುವಿನಲ್ಲಿ ಅಗಲಕ್ಕೆ ತೆಗೀರಿ, ಬ್ರೇಕು ಬೇಗ ಹಿಡೀರಿ."

"ಹ್ಞೂಂ."

"ರಿವರ್ಸ್ ಮಾತ್ರ ಬಸ್ಸಿನ ಹಾಗಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗ್ತದೆ. ಸ್ಟೇರಿಂಗ್ ಚಕ್ರದ ಕೆಳಬದಿಯಲ್ಲಿ ಕೈ ಇಡಿ. ಟ್ರೈಲರ್ ಎತ್ತ ಹೋಗಬೇಕೋ ಕೈಯನ್ನೂ ಅತ್ತಲೇ ಸರಿಸಿ. ಡೌಟ್ ಬಂದರೆ ಇಳಿದು ನೋಡಿ."

"ನಾನು ಎಂತ, ನಿನ್ನೆ ಲೈಸೆನ್ಸ್ ತಗೊಂಡವನಾ?" ಎಂದರು ಯೋಗೀಶಣ್ಣ. ಜೋವಿನ್ ಸರಪಳಿಯನ್ನು ತಾನೇ ಹಾಕಿದ.

ಮುಂದಕ್ಕೆ ಹೋಗುವಷ್ಟು ಹೊತ್ತು ಯೋಗೀಶಣ್ಣನನ್ನು ಯಾರೂ ಮೀರಿಸಲಾರರು, ಒಪ್ಪಬೇಕು. ಒಂದು ಹೊಂಡಕ್ಕೂ ಚಕ್ರ ಇಳಿಸದೆ ಮೂರೂವರೆಗೆ ಕಾಪು ಮುಟ್ಟಿಸಿದರು. ಆದರೆ ಹಿತ್ತಿಲಿನೊಳಗೆ ಜೀಪು ತಿರುಗಿಸಲು ಜಾಗ ಇಲ್ಲ. ಟ್ರೈಲರನ್ನು ಹಿಮ್ಮುಖವಾಗಿಯೇ ಒಳಗೆ ನುಗ್ಗಿಸಬೇಕು. ಒಂದು ಬದಿಗೆ ಕಾಂಪೌಂಡು, ಇನ್ನೊಂದು ಬದಿಗೆ ಬಾವಿಕಟ್ಟೆ.

ಯೋಗೀಶಣ್ಣ ರಿವರ್ಸ್ ಗೇರು ಹಾಕಿದರು. ಕನ್ನಡಿ ನೋಡಲಿಲ್ಲ. ಕಿವಿ ನಿಮಿರಿಸಿ ಕೂತರು.

ಗುಟ್ಟು ಇರುವುದು ಇಲ್ಲಿ. ಬಸ್ಸು ಹಿಂದೆ ಸರಿಯುವಾಗಲೆಲ್ಲ ಕಂಡಕ್ಟರ್ ಬೂಬ ಹಿಂದೆ ನಿಂತು ತಗಡಿಗೆ ತಟ್ಟುತ್ತಿದ್ದ. ಎರಡು ತಟ್ಟಿದರೆ ಬರಬಹುದು, ಒಂದು ತಟ್ಟಿದರೆ ನಿಲ್ಲಬೇಕು. ಮೂವತ್ತೊಂದು ವರ್ಷ ಯೋಗೀಶಣ್ಣ ಕಿವಿಯಿಂದಲೇ ರಿವರ್ಸ್ ಹೊಡೆದವರು.

ತಟ್ಟುವವರಿಗೆ ಕಾಪುವಿನಲ್ಲಿ ಬರಗಾಲವಿಲ್ಲ. ಬಲೆ ಹೆಣೆಯುತ್ತಿದ್ದ ನಾಲ್ವರು ಎದ್ದು ಬಂದರು, ಐಸ್‌ಕ್ಯಾಂಡಿಯವನು ಸೈಕಲ್ ನಿಲ್ಲಿಸಿ ಬಂದ. ಎಲ್ಲರೂ ತಮ್ಮ ತಮ್ಮ ಬದಿಯಿಂದ ತಟ್ಟಿದರು.

"ಬರ್ಲಿ, ಬರ್ಲಿ!"

"ಎಡಕ್ಕೆ ಕೊಡಿ ಮಾರಾಯ್ರೇ!"

"ಎಂತ ಎಡ? ಕಾಂಪೌಂಡು ಕಾಣುದಿಲ್ವಾ ನಿಂಗೆ?"

ಯೋಗೀಶಣ್ಣ ಎಲ್ಲರ ತಟ್ಟಿಗೂ ಮರ್ಯಾದೆ ಕೊಟ್ಟರು. ಎರಡು ನಿಮಿಷದಲ್ಲಿ ಟ್ರೈಲರ್ ಮಡಚಿದ ಮೊಣಕೈಯಂತೆ ಜೀಪಿಗೆ ಅಡ್ಡ ತಿರುಗಿ, ಅದರ ಮೂಲೆ ಬಾವಿಕಟ್ಟೆಗೆ ನಾಲ್ಕು ಬೆರಳು ಹತ್ತಿರ ನಿಂತಿತು.

"ಯೋಗೀಶಣ್ಣಾ," ಎಂದರು ಬಾಯಮ್ಮ ಮೆಲ್ಲಗೆ, "ನಾವು ಕುಡಿಯುವುದು ಅದೇ ಬಾವಿಯ ನೀರು."

"ಬಸ್ಸು ಓಡಿಸಿದವರಲ್ವಾ ಇವರು?" ಎಂದ ಬಲೆಯವರಲ್ಲಿ ಒಬ್ಬ.

"ಬಸ್ಸಿಗೆ ಹಿಂದೆ ಹೋಗುವ ಕೆಲಸ ಎಲ್ಲಿ ಉಂಟು ಮಾರಾಯ?" ಎಂದ ಇನ್ನೊಬ್ಬ.

ಯೋಗೀಶಣ್ಣ ಕಿಟಕಿಯ ಗಾಜು ಏರಿಸಿ ಫೋನು ತೆಗೆದರು. ಪಕ್ಕದಲ್ಲಿದ್ದ ನನಗೆ ಕೇಳಿಸಿತು: "ಬೂಬಾ, ಸ್ವಲ್ಪ ಕಾಪುವಿಗೆ ಬಾ. ಎಂತ ಇಲ್ಲ, ಸುಮ್ಮನೆ."

ಆದಿ ಉಡುಪಿಯಿಂದ ಬಸ್ಸು ಹಿಡಿದು ಬೂಬ ತಲುಪುವಾಗ ನಾಲ್ಕೂಕಾಲು. ಟ್ರೈಲರಿಗೆ ಒಂದು ಸುತ್ತು ಬಂದ. ತಟ್ಟಲಿಲ್ಲ. ಡ್ರೈವರ್ ಬಾಗಿಲ ಬಳಿ ನಿಂತು ಕೇಳಿದ: "ಯೋಗೀಶ, ಮೂವತ್ತೊಂದು ವರ್ಷ ಹಿಂದೆ ನೋಡಿದ್ದು ಯಾರು?"

"ಈಗ ಅದೆಲ್ಲ ಎಂತಕ್ಕೆ?"

"ಹಾಗಾದರೆ ನಾಲ್ಕೂವರೆ ಬಸ್ಸಿಗೆ ನಾನು ಹೋಗ್ತೇನೆ."

ಯೋಗೀಶಣ್ಣ ಬಲೆಯವರನ್ನು ನೋಡಿದರು, ಬಾಯಮ್ಮನನ್ನು ನೋಡಿದರು, ಗಡಿಯಾರ ನೋಡಿದರು. "ನೀನೇ," ಎಂದರು ಗಂಟಲಲ್ಲೇ.

"ಕೇಳ್ಲಿಲ್ಲ. ನಿನ್ನ ಇಂಜಿನ್ ಶಬ್ದದಿಂದ ನನ್ನ ಕಿವಿ ಮಂದ ಆದದ್ದು ನಿನಗೆ ಗೊತ್ತುಂಟಲ್ವಾ?"

"ನೀನೇ ಮಾರಾಯಾ! ನೀನೇ ನೋಡಿದ್ದು! ಗೀರು ಬೀಳದ್ದು ನಿನ್ನಿಂದ!"



"ಹಾಂ. ಈಗ ಇಳಿ," ಎಂದ ಬೂಬ. "ಇದು ತಟ್ಟಿದರೆ ಆಗುವ ಗಾಡಿ ಅಲ್ಲ. ನೀನೇ ಕಣ್ಣಾರೆ ನೋಡಿ ಬಾ."

ಯೋಗೀಶಣ್ಣ ಇಳಿದು ಮೊದಲ ಬಾರಿಗೆ ಗಾಡಿಯ ಹಿಂಬದಿಗೆ ನಡೆದು ಹೋದರು. ಬಾವಿಕಟ್ಟೆಯನ್ನು ಮುಟ್ಟಿ ನೋಡಿದರು. ಬೂಬ ಎಲ್ಲರನ್ನೂ ದೂರ ಅಟ್ಟಿ, ಕನ್ನಡಿಯಲ್ಲಿ ಕಾಣುವ ಕಡೆ ತಾನೊಬ್ಬನೇ ನಿಂತ. ಜೋವಿನ್‌ನ ಮಾತನ್ನು ನಾನು ನೆನಪಿಸಿದೆ. ಈ ಸಲ "ಹ್ಞೂಂ" ಬರಲಿಲ್ಲ. ಯೋಗೀಶಣ್ಣ ಜೀಪು ಹತ್ತಿ, ಮುಂದಕ್ಕೆ ಹೋಗಿ ಗಾಡಿ ನೇರ ಮಾಡಿ, ಸ್ಟೇರಿಂಗಿನ ಕೆಳಬದಿಯಲ್ಲಿ ಕೈಯಿಟ್ಟು, ಕನ್ನಡಿ ನೋಡುತ್ತ ಅಂಗುಲ ಅಂಗುಲವಾಗಿ ಹಿಂದೆ ಬಂದರು. ಎರಡು ಸಲ ತಪ್ಪಿತು. ಎರಡು ಸಲವೂ ನಿಲ್ಲಿಸಿ ಇಳಿದು ನೋಡಿದರು. ಮೂರನೆಯ ಸಲ ಟ್ರೈಲರ್ ತೆಂಗಿನ ಬುಡಕ್ಕೆ ಹೋಗಿ ಕೂತಿತು. ಬೂಬ ಚಕ್ರಕ್ಕೆ ಕಲ್ಲು ಇಟ್ಟ.

ಐದಕ್ಕೆ ಹತ್ತು ನಿಮಿಷ ಇರುವಾಗ ಬಾಯಮ್ಮ ಕಾಫಿ ತಂದರು. ಮೊದಲ ಲೋಟ ಬೂಬನಿಗೆ ಕೊಟ್ಟರು. ಯೋಗೀಶಣ್ಣ ಅದನ್ನು ಗಮನಿಸಿದರು, ತಮ್ಮ ಸರದಿಗೆ ಕಾದರು.