ಅಪ್ಪ ನೋಡಿರದ ಗುಡ್ಡ

ಕೊಪ್ಪಳದಿಂದ ಗಂಗಾವತಿ ಕಡೆಯ ಶಾಲೆಯೊಂದಕ್ಕೆ ಪಾಠ ಮಾಡಲು ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಮೊಬೈಲಿನಲ್ಲಿ ಮರ, ಗುಡ್ಡಗಳ ಫೋಟೊ ತೆಗೆಯುವುದು, ಸಂಜೆ ಅವನ್ನು ಟ್ಯಾಬ್‌ಗೆ ಹಾಕಿಕೊಂಡು ಬಣ್ಣ ತುಂಬುತ್ತ ಕೂಡುವುದು ನನಗೆ ಹತ್ತಿದ ಹುಚ್ಚು. ದೀಪಾವಳಿ ಕಳೆದ ಮೇಲಂತೂ ಕೈ ಸುಮ್ಮನಿರುವುದಿಲ್ಲ. ಬಂಡೆಗಳ ನಡುವಿನ ಹುಲ್ಲು ಒಣಗಿ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಕೆಳಗೆ ಮರಳಿ ಎಂಬ ಊರಿನ ಗದ್ದೆಗಳಲ್ಲಿ ಭತ್ತ ಹಣ್ಣಾಗಿರುತ್ತದೆ.

ಅಪ್ಪ ಇದೇ ರಸ್ತೆಯಲ್ಲಿ ಬಸ್ ಓಡಿಸಿದವರು. ನಿವೃತ್ತರಾದ ಮೇಲೆ ಮೊಣಕಾಲು ನೋವು ಹೆಚ್ಚಾಗಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಹೋದ ಕಾರ್ತಿಕದ ಒಂದು ಸಂಜೆ ನನ್ನ ಪಕ್ಕ ಬಂದು ಕುಳಿತರು.

"ಮರಳಿ ಈಚಿಕಡೆ ತಿರುವಿನಾಗ ದೊಡ್ಡ ಹುಣಸಿಗಿಡ ಇತ್ತಲ್ಲ ತಂಗಿ, ಅದರ ಫೋಟೊ ಹೊಡದಿಯೇನು?"

"ಅದು ಈಗ ಇಲ್ಲಪ್ಪಾ. ರಸ್ತೆ ಅಗಲ ಮಾಡುವಾಗ ಕಡದಾರ."

ಅಪ್ಪ ಎದ್ದು ಒಳಗೆ ಹೋದರು. ಊಟಕ್ಕೆ ಕುಳಿತಾಗ ಒಂದೇ ರೊಟ್ಟಿ ಸಾಕೆಂದು ಎದ್ದರು. ಅಷ್ಟು ನೇರವಾಗಿ ಹೇಳಬಾರದಿತ್ತು ಅನ್ನಿಸಿತು.

ಮರುದಿನ ಆ ತಿರುವಿನ ಫೋಟೊ ತಂದೆ. ಅದರ ತುಂಬ ಹುಣಸೆಮರದ ಆಕಾರ ಬಿಡಿಸಿಕೊಂಡು, "ಹೆಂಗಿತ್ತು ಹೇಳು" ಎಂದು ಅಪ್ಪನನ್ನು ಕರೆದೆ.

"ಗಿಡದ ಬಡ್ಡಿ ಇನ್ನಷ್ಟು ದಪ್ಪ. ಹಾಂ. ಒಂದು ಟೊಂಗಿ ರಸ್ತಿಮ್ಯಾಲೆ ಬಾಗಿತ್ತು. ಬಸ್ಸಿನ ಟಾಪ್ ಸವರತಿತ್ತು. ಮಲಗಿದ ಮಂದಿ ಎಲ್ಲಾ ಎದ್ದು ಕುಂಡ್ರತಿದ್ರು!"

ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದು ಅವತ್ತು. ನಾಲ್ಕಾರು ಸಂಜೆ ಇಬ್ಬರೂ ಕೂಡಿ ಆ ಮರ ಬೆಳೆಸಿದೆವು. ಕೊನೆಗೆ ಅಪ್ಪ, "ಬರೋಬ್ಬರಿ ಐತಿ" ಅಂದರು.

ಟ್ಯಾಬ್‌ನಲ್ಲಿ ಮರವೇ ಬೇರೆ ಪದರ, ಫೋಟೊ ಬೇರೆ ಪದರ, ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳ ಹಾಗೆ. ಅದನ್ನು ತೋರಿಸೋಣವೆಂದು ಮರದ ಪದರವನ್ನು ಒಮ್ಮೆ ಮರೆಮಾಡಿದೆ. ಹಿಂದಿನ ಗುಡ್ಡ ಪೂರ್ತಿ ಕಂಡಿತು. ಇಳಿಬಿಸಿಲು, ನಾನು ಬಣ್ಣ ಏರಿಸಿದ್ದ ಕೆಂಪು ಹುಲ್ಲು, ಬಂಡೆಯ ಸಂದಿಯಲ್ಲಿ ಎಲೆ ಹಳದಿಯಾದ ಒಂದು ಗಿಡ.

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಇದು ಯಾವೂರ ಗುಡ್ಡ?"

"ಅಲ್ಲಿದೇ ಅಪ್ಪಾ. ಹುಣಸಿಗಿಡದ ಹಿಂದಿಂದು."

"ನಾ ನೋಡೇ ಇಲ್ಲಲ್ಲ!"

"ಅಷ್ಟು ವರ್ಷ ಅದೇ ದಾರ್ಯಾಗ ಅಡ್ಡಾಡೀದಿ..."

"ಅಡ್ಡಾಡೀನಿ. ಆದ್ರ ಕಣ್ಣು ರಸ್ತಿಮ್ಯಾಲಿರಬೇಕಲ್ಲ? ಎದುರಿಗೆ ಲಾರಿ, ಎಮ್ಮಿ. ಬೆನ್ನ ಹಿಂದ ಬಸ್ ತುಂಬ ಮಂದಿ. ಗುಡ್ಡ ನೋಡ್ಕೊಂತ ಕುಂತ್ರ ಆಗತೈತೇನು?"

ಆ ಭಾನುವಾರ ನಾನು ಏಳುವಷ್ಟರಲ್ಲಿ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಸಿದ್ಧರಾಗಿದ್ದರು. ಬಸ್ ಹತ್ತಿಸುವುದು ಕಷ್ಟವಾಯಿತು. ಪರಿಚಯದ ಡ್ರೈವರ್ ಒಬ್ಬರು ಓಡಿಬಂದು ಕೈಹಿಡಿದು, "ಬರ್ರಿ ಕಾಕಾ, ಇಲ್ಲೇ ನನ್ನ ಮಗ್ಗಲ ಕುಂಡ್ರರಿ" ಎಂದರು.

"ಒಲ್ಲೆಪಾ. ಇವತ್ತ ಕಿಡಕಿ ಕಡೆ ಕುಂಡ್ರತೀನಿ."

ತಿರುವು ಬಂತು. ಹುಣಸೆಮರವಿದ್ದ ಜಾಗವನ್ನು ಅವರು ಒಂದು ಕ್ಷಣ ನೋಡಿದರು, ಆಮೇಲೆ ಗುಡ್ಡವನ್ನು. ಅದು ಹಿಂದೆ ಸರಿದು ಮರೆಯಾಗುವವರೆಗೂ ಕುತ್ತಿಗೆ ತಿರುಗಿಸಿಕೊಂಡೇ ಇದ್ದರು.

"ಛಲೋ ಐತಿ," ಅಂದರು. "ನೀ ಹುಲ್ಲಿಗೆ ಕೆಂಪು ಜಾಸ್ತಿ ಹಾಕೀದಿ ನೋಡು."

ಗಂಗಾವತಿಯಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಬರುವಾಗಲೂ ಅಪ್ಪ ಬಸ್ಸಿನ ಅದೇ ಬದಿಯ ಸೀಟು ಹಿಡಿದರು. ಬಸ್ಸು ಎದುರು ದಿಕ್ಕಿಗೆ ಹೊರಟಿದ್ದರಿಂದ, ಹೋಗುವಾಗ ಕಾಣದ ರಸ್ತೆಯ ಆಚೆ ಬದಿ ಈಗ ಕಾಣುತ್ತದಂತೆ.